ಡಬ್ಬಿ ಬಿಚ್ಚೋಕೆ ಒಂದು ಜಾಗ

ವಿಧಾನಸೌಧದ ಸುತ್ತಮುತ್ತ ಇರುವ ಒಂದು ಕಚೇರಿಯಲ್ಲಿ ನನ್ನ ಕೆಲಸ. ಯಾವುದು ಅಂತ ಕೇಳಬೇಡಿ, ಸರ್ವಿಸ್ ಇನ್ನೂ ಬಾಕಿ ಇದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕುರ್ಚಿ ಸಿಕ್ಕಿದರೆ ಅವತ್ತು ಅದೃಷ್ಟ. ಸಿಗದಿದ್ದರೆ ಫೈಲುಗಳನ್ನು ಪಕ್ಕಕ್ಕೆ ಸರಿಸಿ, ಟೇಬಲ್ ಮೇಲೆ ಹಳೇ ಪೇಪರ್ ಹಾಸಿ, ಅಲ್ಲೇ ಡಬ್ಬಿ ಬಿಚ್ಚುವುದು. ಕೆಲವು ಕಡತಗಳ ಮೇಲೆ ಹುಳಿಯ ಕಲೆ ಇದ್ದರೆ ಕ್ಷಮಿಸಿಬಿಡಿ.

ಹೊರಗೆ ಬಂದರೆ ಅಂಬೇಡ್ಕರ್ ವೀಧಿ. ಈ ಕಡೆ ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡ. ಆ ಕಡೆ ಹೈಕೋರ್ಟಿನ ಕೆಂಪು ಕಟ್ಟಡ, ಅದರ ಬೆನ್ನಿಗೇ ಕಬ್ಬನ್ ಪಾರ್ಕ್. ಗುಮಾಸ್ತರು, ವಕೀಲರು, ಡ್ರೈವರ್‌ಗಳು, ಊರಿಂದ ಅರ್ಜಿ ಹಿಡಿದು ಬಂದವರು ಎಲ್ಲ ಸೇರಿ ದಿನಾ ಸಾವಿರಾರು ಜನ. ಆದರೆ ರಸ್ತೆಯುದ್ದಕ್ಕೂ ಕಣ್ಣಿಗೆ ಬೀಳುವುದು ಕಾಂಪೌಂಡು, ಗ್ರಿಲ್ಲು, ಗೇಟು, ಸಾಲಾಗಿ ನಿಂತ ಕಾರುಗಳು. ಇಷ್ಟು ಮರ, ಇಷ್ಟು ನೆರಳು ಬೆಂಗಳೂರಲ್ಲಿ ಇನ್ನೆಲ್ಲಿದೆ ಹೇಳಿ? ಅದರ ಕೆಳಗೆ ಆರಾಮಾಗಿ ಮಲಗಿರುವುದು ಮಾತ್ರ ಕಾರು.

ತಮಾಷೆ ಏನು ಗೊತ್ತಾ? ಈ ಜಾಗಕ್ಕೆ ಕಳೆ ಬರುವುದೇ ನಮಗೆ ರಜೆ ಇದ್ದಾಗ. 2025ರಲ್ಲಿ ವಿಧಾನಸೌಧ ತೋರಿಸುವ ಪ್ರವಾಸ ಶುರುವಾಯಿತು. ಯಾವ ದಿನ? ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ. ಬಣ್ಣದ ದೀಪ ಹತ್ತುವುದೂ ಕತ್ತಲಾದ ಮೇಲೆ, ನಾವು ಇಲ್ಲಿಲ್ಲದಾಗ. ನೋಡಲು ಬರುವವರಿಗೆ ಚೆನ್ನಾಗಿರಲಿ, ನನಗೆ ತಕರಾರಿಲ್ಲ. ಆದರೆ ಸೋಮವಾರ ಮಧ್ಯಾಹ್ನ ಒಂದೂವರೆಗೆ ಇಲ್ಲಿರುವವರ ಬಗ್ಗೆ ಯಾರಾದರೂ ಯೋಚಿಸಿದ್ದಾರಾ?

ಒಂದೇ ಒಂದು ಸಲ ಬೇರೆ ಥರ ಆಗಿದ್ದು ನೆನಪಿದೆ. ಅದೇ ವರ್ಷ ಫೆಬ್ರವರಿ ಕೊನೆಗೆ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಶುಕ್ರವಾರ ಊಟ ಮುಗಿಸಿ ನಾಲ್ಕು ಜನ ಹೊರಟೆವು. ಪೇಪರ್ ಬಿಟ್ಟರೆ ಬೇರೇನೂ ಓದದ ನಮ್ಮ ಸೆಕ್ಷನ್ನಿನವರೊಬ್ಬರು ಮೊಮ್ಮಗಳಿಗೆ ಅಂತ ಮೂರು ಪುಸ್ತಕ ಕೊಂಡರು. ವಾಪಸ್ ಬರುವಾಗ ಹತ್ತು ನಿಮಿಷ ಲೇಟು. ಆದರೂ ಎಲ್ಲರೂ ನಗುತ್ತಾ ಬಂದೆವು. ವರ್ಷಾನುಗಟ್ಟಲೆ ಜೊತೆಗೆ ಕೆಲಸ ಮಾಡಿ, ಅವತ್ತೇ ಮೊದಲ ಸಲ ಒಟ್ಟಿಗೆ ಸುಮ್ನೆ ಅಡ್ಡಾಡಿದ್ದು.

ಮೇಳ ದಿನಾ ಬೇಡ. ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ವಾರಕ್ಕೊಮ್ಮೆ ಮಧ್ಯಾಹ್ನ ಸುಗಮ ಸಂಗೀತ ಇಡಿ ಅಂತ ಗೆಳೆಯರೊಬ್ಬರು ಹೇಳಿದರು. ಚೆನ್ನಾಗೇ ಇರುತ್ತೆ, ಆದರೆ ಹಾಡು ಆಮೇಲೆ. ಮೊದಲು ಮರದ ಕೆಳಗಿನ ಹತ್ತು ಕಾರು ತೆಗೆದು ಇಪ್ಪತ್ತು ಬೆಂಚು ಹಾಕಿ. ಕೈ ತೊಳೆಯಲು ನಲ್ಲಿ, ಒಂದು ಚೊಕ್ಕ ಶೌಚಾಲಯ. ಒಂದರಿಂದ ಮೂರರವರೆಗೆ ಚುರುಮುರಿ, ಮಜ್ಜಿಗೆ, ಚಿತ್ರಾನ್ನದ ಗಾಡಿಗಳಿಗೆ ಲೈಸೆನ್ಸ್ ಕೊಟ್ಟು ಒಂದು ಸಾಲು ಬಿಟ್ಟುಕೊಡಿ. ಭದ್ರತೆ ಅಂತೀರಾ? ಗೇಟಿನ ಒಳಗಿನ ಮಾತು ಬೇರೆ, ನಾನು ಹೇಳುತ್ತಿರುವುದು ಹೊರಗಿನದು. ಮಜ್ಜಿಗೆ ಕುಡಿಯೋನಿಂದ ಸರ್ಕಾರಕ್ಕೆ ಏನಾಗುತ್ತೆ?

ಮೊನ್ನೆ ಫುಟ್‌ಪಾತಿನ ಕಲ್ಲಂಚಿನ ಮೇಲೆ ಒಬ್ಬ ಹಿರಿಯರು ರೊಟ್ಟಿ ಗಂಟು ಬಿಚ್ಚುತ್ತಿದ್ದರು. ರಾಯಚೂರು ಕಡೆಯವರು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಅರ್ಜಿ. ನನ್ನ ಕುತ್ತಿಗೆಯ ಐಡಿ ಕಾರ್ಡ್ ನೋಡಿದ್ದೇ ಗಡಿಬಿಡಿಯಿಂದ ಎದ್ದು, ‘ಇಲ್ಲಿ ಕುಂದರಬಾರದೇನ್ರೀ ಸಾಹೇಬ್ರ?’ ಅಂದರು. ನಾನೂ ನನ್ನ ಡಬ್ಬಿ ತೆಗೆದು ಅವರ ಪಕ್ಕ ಕೂತೆ. ಶೇಂಗಾ ಚಟ್ನಿ ಕೊಟ್ಟರು. ಖಾರ ಸ್ವಲ್ಪ ಜಾಸ್ತಿ ಇತ್ತು.