‘ಶೈಕ್ಷಣಿಕ’ ಆ್ಯಪ್ ಇದ್ದರೆ ಮಗು ಬೇಗ ಮಾತಾಡುತ್ತದೆಯೇ?

ಪುಟ್ಟ ಮಗುವಿಗೆ ಇಂಥ ಆ್ಯಪ್ ಹಾಕಿಕೊಟ್ಟರೆ ಬೇಗ ಮಾತು ಬರುತ್ತದೆ ಎಂಬ ಸಂದೇಶ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತದೆ. ಕಳಿಸುವವರ ಕಾಳಜಿ ನಿಜ. ಸಂದೇಶದಲ್ಲಿ ಹೇಳಿದ್ದು ಮಾತ್ರ ಸರಿಯಲ್ಲ.

ಈ ವಯಸ್ಸಿನವರು ಎದುರಿಗಿರುವ ಮನುಷ್ಯರಿಂದಲೇ ಜಾಸ್ತಿ ಕಲಿಯುತ್ತಾರೆ. ಮಗು ‘ಬೌ ಬೌ’ ಅಂದರೆ ಅಜ್ಜಿ ‘ಹೌದು ಪುಟ್ಟಾ, ನಾಯಿ ಬಂತು’ ಅಂತಾರೆ, ಅಲ್ವಾ? ಆ್ಯಪ್‌ಗೆ ಆ ಉತ್ತರ ಹೊಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೂ 2 ವರ್ಷದೊಳಗೆ ಪರದೆ ಬೇಡ ಎನ್ನುತ್ತದೆ; 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಯೇ ಮಿತಿ.

ಇನ್ನು ‘ಶೈಕ್ಷಣಿಕ’ ಎಂಬ ಹಣೆಪಟ್ಟಿ. ಆ್ಯಪ್ ಸ್ಟೋರ್‌ನಲ್ಲಿ ಆ ವಿಭಾಗವನ್ನು ಆರಿಸಿಕೊಳ್ಳುವವರು ಆ್ಯಪ್ ಮಾಡಿದವರೇ.

ದೊಡ್ಡ ಮಕ್ಕಳಿಗೆ ಕೊಡುವ ಮೊದಲು ನೀವೇ ಹತ್ತು ನಿಮಿಷ ಆಡಿ. ಬೇಕೆಂದೇ ತಪ್ಪು ಒತ್ತಿ. ಆಗಲೂ ನಕ್ಷತ್ರ, ಚಪ್ಪಾಳೆ ಸುರಿಯುತ್ತದೆಯೇ? ನಡುವೆ ಜಾಹೀರಾತು ನುಗ್ಗುತ್ತದೆಯೇ? ಆಟ ಮುಗಿದ ಮೇಲೆ ಸುಮ್ನಾಗುತ್ತದೆಯೇ, ಇಲ್ಲಾ ತಾನೇ ಮುಂದಿನದಕ್ಕೆ ಜಾರುತ್ತದೆಯೇ?