ಆರ್ಕಿಡ್ ಮನೆಗೆ ಬಂತು, ಹೆಸರು ದಾರಿಯಲ್ಲೇ ಬಿತ್ತು

ನರ್ಸರಿಯಿಂದ ಆರ್ಕಿಡ್ ತಂದವರು ಮೊದಲು ಮಾಡುವ ಕೆಲಸ, ಕುಂಡದ ಅಂದ ಕೆಡಿಸುತ್ತದೆಂದು ಪ್ಲಾಸ್ಟಿಕ್ ಚೀಟಿಯನ್ನು ಕಿತ್ತೆಸೆಯುವುದು. ಹೂವೆಲ್ಲ ಉದುರಿದ ಮೇಲೆ ಬರೀ ಎಲೆಯ ಫೋಟೊ ಕಳಿಸಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾರೆ: "ಇದ್ಯಾವುದು ಹೇಳ್ರೀ?" ಹೂ ತುಂಬಿ ನಿಂತಿದ್ದರೂ ಹೈಬ್ರಿಡ್‌ನ ಹೆಸರನ್ನು ಮುಖ ನೋಡಿ ಹೇಳಲಾಗದು. ಬೆಳೆಗಾರರ ಬಾಯಲ್ಲಿ ಅಂಥ ಗಿಡ 'ನೋ ಐಡಿ'.

ಹಾಗಾದರೆ ಚೀಟಿಯಲ್ಲಿ ಇರುವುದೇನು? 'ಆನ್ಸಿಡಿಯಂ ಶೆರಿ ಬೇಬಿ ‘ಸ್ವೀಟ್ ಫ್ರಾಗ್ರನ್ಸ್’ ಎಎಂ/ಎಒಎಸ್' ಎಂದಿದೆ ಅನ್ನಿ. ಚಾಕೊಲೇಟಿನ ಘಮ ಬೀರುವ ಪ್ರಸಿದ್ಧ ಗಿಡ. ಆನ್ಸಿಡಿಯಂ ಅದರ ಕುಲ. ಶೆರಿ ಬೇಬಿ ಎಂಬುದು ಗ್ರೆಕ್ಸ್ ಹೆಸರು; ಜೇಮಿ ಸಟನ್ ಮತ್ತು ಹೊನೊಲುಲು ಎಂಬೆರಡು ಹೈಬ್ರಿಡ್‌ಗಳನ್ನು ಕೂಡಿಸಿ ಹುಟ್ಟಿದ ಎಲ್ಲ ಗಿಡಗಳಿಗೂ ಇದೊಂದೇ ಹೆಸರು. ಯಾವುದು ತಾಯಿ, ಯಾವುದು ತಂದೆ ಎಂಬುದು ಅದಲುಬದಲಾದರೂ, ಇನ್ನೊಬ್ಬರು ಹತ್ತು ವರ್ಷ ಬಿಟ್ಟು ಅದೇ ಜೋಡಿಯನ್ನು ಕೂಡಿಸಿದರೂ ಹೆಸರು ಬದಲಾಗದು. ಒಂದೇ ಮನೆಯ ಮಕ್ಕಳಿಗೆಲ್ಲ ಮಂಜುನಾಥ ಎಂದೇ ಹೆಸರಿಟ್ಟು, ಕುಳ್ಳ, ಕರಿಯ, ಉದ್ದ ಎಂದು ಕರೆದ ಹಾಗೆ. ಆ ಅಡ್ಡಹೆಸರೇ ಒಂಟಿ ಉದ್ಧರಣ ಚಿಹ್ನೆಯೊಳಗಿನ ‘ಸ್ವೀಟ್ ಫ್ರಾಗ್ರನ್ಸ್’. ಆ ಒಂದು ಗಿಡಕ್ಕೂ ಅದರಿಂದ ಪಾಲು ಮಾಡಿದ, ಟಿಶ್ಯೂ ಕಲ್ಚರ್ ಮಾಡಿದ ಮರಿಗಳಿಗೂ ಮಾತ್ರ ಅದು ಸಲ್ಲುತ್ತದೆ. ‘ರೆಡ್ ಫ್ಯಾಂಟಸಿ’ಯೂ ಶೆರಿ ಬೇಬಿಯೇ, ಆದರೆ ಬೇರೆ ಗಿಡ.

ಕೊನೆಯ ಅಕ್ಷರಗಳಲ್ಲೇ ಜೇಬಿಗೆ ಕತ್ತರಿ ಬೀಳುವುದು. ಎಎಂ ಅಂದರೆ ಅಮೆರಿಕನ್ ಆರ್ಕಿಡ್ ಸೊಸೈಟಿಯ ತೀರ್ಪುಗಾರರು ಆ ಗಿಡದ ಹೂವಿಗೆ 80ರಿಂದ 89 ಅಂಕ ಕೊಟ್ಟಿದ್ದಾರೆಂದು. 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಫ್‌ಸಿಸಿ, ಅಂದರೆ ಫಸ್ಟ್ ಕ್ಲಾಸ್ ಸರ್ಟಿಫಿಕೇಟ್. ಬೀಜದ ಸಸಿ ಮಾರುವವರು ಚೀಟಿಯಲ್ಲಿ ಅಪ್ಪ-ಅಮ್ಮನ ಹೆಸರುಗಳ ನಡುವೆ ಗುಣಾಕಾರ ಚಿಹ್ನೆ ಹಾಕಿ, ಇಬ್ಬರ ಪ್ರಶಸ್ತಿಗಳನ್ನೂ ನಮೂದಿಸಿರುತ್ತಾರೆ. ಕೊಂಡವರು ತಮ್ಮ ಮೂರಿಂಚಿನ ಸಸಿಗೇ ಪದಕ ಬಂದಿದೆಯೆಂದು ಹಿಗ್ಗುತ್ತಾರೆ. ಪದಕ ಅಪ್ಪನದು. ಮಗ ಇನ್ನೂ ಪರೀಕ್ಷೆಗೇ ಕೂತಿಲ್ಲ.

ಮಲೆನಾಡಿನ ಮರಗಳ ಮೇಲೆ ತೂಗುವ ಸೀತಾಳೆ ದಂಡೆಗೆ ಈ ರಗಳೆಯಿಲ್ಲ. ಅದು ಕಾಡಿನ ಶುದ್ಧ ಪ್ರಭೇದ, ರಿಂಕೋಸ್ಟೈಲಿಸ್ ರೆಟ್ಯೂಸಾ. ಇಂಗ್ಲಿಷ್ ಚೀಟಿಯಲ್ಲಿ ಎರಡನೆಯ ಪದ ಸಣ್ಣಕ್ಷರದಲ್ಲಿ ಶುರುವಾಗುತ್ತದೆ. ಗ್ರೆಕ್ಸ್ ಹೆಸರಾದರೆ ದೊಡ್ಡಕ್ಷರ.

1856ರಲ್ಲಿ ಇಂಗ್ಲೆಂಡಿನ ವೀಚ್ ನರ್ಸರಿಯ ಜಾನ್ ಡೊಮಿನಿ ಬೆಳೆಸಿದ ಮೊದಲ ಕೃತಕ ಹೈಬ್ರಿಡ್ ಹೂ ಬಿಟ್ಟಾಗ, ಸಸ್ಯವಿಜ್ಞಾನಿ ಲಿಂಡ್ಲಿ, ನೀವು ನಮ್ಮಂಥವರಿಗೆ ಹುಚ್ಚು ಹಿಡಿಸುತ್ತೀರಿ ಎಂದರಂತೆ. ಈಗ ಸಸ್ಯವಿಜ್ಞಾನಿಗಳು ಆ ಸಾಲವನ್ನು ಬಡ್ಡಿಸಮೇತ ತೀರಿಸುತ್ತಿದ್ದಾರೆ. ಡಿಎನ್‌ಎ ನೋಡಿ ಆಸ್ಕೋಸೆಂಟ್ರಮ್ ಎಂಬ ಕುಲವನ್ನು ವಾಂಡಾ ಕುಲದೊಳಗೆ ಸೇರಿಸಿದರು. ಇವೆರಡರ ಹೈಬ್ರಿಡ್‌ಗಳಾದ ಆಸ್ಕೋಸೆಂಡಾಗಳೆಲ್ಲ ರಾತ್ರೋರಾತ್ರಿ ವಾಂಡಾ ಆದವು, ಇವೆರಡರ ಜೊತೆ ಅರಾಕ್ನಿಸ್ ಕುಲವೂ ಬೆರೆತ ಮೊಕಾರಾ ಹೋಗಿ ಅರಾಂಡಾ ಆಯಿತು. 1961ರಿಂದ ಹೈಬ್ರಿಡ್‌ಗಳ ಅಧಿಕೃತ ನೋಂದಣಿ ನೋಡಿಕೊಳ್ಳುತ್ತಿರುವ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪಟ್ಟಿಯಲ್ಲಿ ಹುಡುಕುವಾಗ ಗ್ರೆಕ್ಸ್ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕುಲ ಬದಲಾದರೂ ಸಾಮಾನ್ಯವಾಗಿ ಅದು ಉಳಿಯುತ್ತದೆ. ಹಳೆಯ ಚೀಟಿ ಎಸೆಯದೆ ಹಿಂಬದಿಯಲ್ಲಿ ಹೊಸ ಹೆಸರು ಬರೆದರಾಯಿತು.

ಬರೆಯುವುದಕ್ಕೆ ಪೆನ್ಸಿಲ್ಲೇ ವಾಸಿ. 'ಪರ್ಮನೆಂಟ್' ಎಂದು ಕರೆಸಿಕೊಳ್ಳುವ ಮಾರ್ಕರ್ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಸೀಸದ ಗೆರೆ ಉಳಿಯುತ್ತದೆ. ಎರಡು ಚೀಟಿ ಬರೆಯಿರಿ: ಒಂದು ಮೇಲೆ, ಮಗುವಿಗೂ ಕಾಗೆಗೂ ಕಿತ್ತಾಡಲು, ಇನ್ನೊಂದು ಕುಂಡಕ್ಕೆ ತುಂಬಿದ ತೊಗಟೆ ಚೂರುಗಳ ಒಳಗೆ, ಕುಂಡದ ಗೋಡೆಗೆ ಒತ್ತಿ. ಕುಂಡ ಬದಲಿಸುವಾಗ ಒಮ್ಮೆಗೆ ಒಂದೇ ಗಿಡ ಬಿಚ್ಚಿ. ಪಾಲು ಮಾಡುವುದಿದ್ದರೆ ಚಾಕು ತೆಗೆಯುವ ಮೊದಲೇ ಎರಡನೆಯ ಗಿಡದ ಚೀಟಿ ಸಿದ್ಧವಿರಲಿ.

ನೋ ಐಡಿ ಗಿಡ ಇಟ್ಟುಕೊಂಡವರು ಅಂಗಡಿಯಲ್ಲಿ ಥೇಟ್ ಅಂಥದೇ ಹೂ ಕಂಡರೆ ಅದರ ಹೆಸರನ್ನು ಎರವಲು ತಂದು ತಮ್ಮ ಕುಂಡಕ್ಕೆ ಚುಚ್ಚುವುದುಂಟು. ಬೇಡ. ನೇರಳೆ ಹೂವಿನ ಡೆಂಡ್ರೋಬಿಯಂಗಳು ಲೆಕ್ಕವಿಲ್ಲದಷ್ಟಿವೆ. 'ಡೆಂಡ್ರೋಬಿಯಂ ಹೈಬ್ರಿಡ್, ನೇರಳೆ' ಎಂದು ಬರೆದು, ಕೊಂಡ ತಿಂಗಳು, ಕೊಂಡ ಜಾಗ ಸೇರಿಸಿ. ಸಸಿಗೆ ಕೊಟ್ಟ ದುಡ್ಡನ್ನು ಮಾತ್ರ ಮನೆಯವರ ಕಣ್ಣಿಗೆ ಬೀಳುವ ಚೀಟಿಯಲ್ಲಿ ಬರೆಯಬೇಡಿ.