ಕೋಚ್ ಕೇಳಿದವನೋ, ಆಫೀಸು ತಂದವನೋ?

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮುಗಿದು ಮೊದಲ ಮಳೆ ಬೀಳುವವರೆಗಿನ ಐದಾರು ವಾರ ಗೋವಾದ ಫುಟ್‌ಬಾಲ್ ಮಂದಿಗೆ ಒಂದೇ ಪ್ರಶ್ನೆ: ಕೋಚ್‌ಗೆ ಯಾರು ಬೇಕಂತೆ? ವಾಸ್ಕೋದ ಬೈನಾದಲ್ಲಿ, ಝುವಾರಿನಗರದಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರ ಕಡೆಯಿಂದ ಬಂದು ನೆಲೆ ನಿಂತ ನಮ್ಮವರ ಹುಡುಗರೂ ಕೇಳುವುದು ಅದನ್ನೇ: ‘ಕೋಚ್ ಯಾರನ್ನ ಕೇಳ್ಯಾನಂತ?’ ಅದೇ ಹೊತ್ತಿಗೆ ಬೆಂಗಳೂರಿಗೆ ಫೋನ್ ಹಚ್ಚಿ ನೋಡಿ. ಅಲ್ಲಿ ವಾಕ್ಯದ ಕರ್ತೃಪದವೇ ಬೇರೆ: ‘ಮ್ಯಾನೇಜ್‌ಮೆಂಟ್ ಯಾರನ್ನ ತರ್ತಿದೆ ಗುರೂ?’

ಇಲ್ಲಿ ತಂಡ ಸೋತರೆ ಕೋಚ್‌ಗೆ ಕೇಳಿದ್ದನ್ನು ಕೊಡಲಿಲ್ಲ ಎಂದು ಮಾಲೀಕರ ಮೇಲೆ ಸಿಟ್ಟು. ಅಲ್ಲಿ ಸೋತರೆ ಆಫೀಸು ಕೊಟ್ಟಿದ್ದನ್ನು ಬಳಸಲು ಬರಲಿಲ್ಲ ಎಂದು ಕೋಚ್ ಮೇಲೆ ಸಿಟ್ಟು. ನನಗನ್ನಿಸುವುದು, ಇಬ್ಬರೂ ಅರ್ಧ ಸರಿ. ಕೋಚ್‌ಗೆ ‘ಇವನು ಬೇಡ’ ಅನ್ನುವ ಹಕ್ಕು ಪೂರ್ತಿ ಇರಬೇಕು. ‘ಇವನೇ ಬೇಕು’ ಅನ್ನುವ ಹಕ್ಕು ಮಾತ್ರ ಅವನ ಸ್ವಂತ ಕರಾರಿನ ಅವಧಿಯನ್ನು ದಾಟಬಾರದು.

ಎರಡೂ ಕಡೆಯ ರೂಢಿಗೆ ಬೇರು ಹಳೆಯದು. ಗೋವಾದಲ್ಲಿ ಡೆಂಪೊ ಕ್ಲಬ್ಬು ಎಂದರೆ ಅರ್ಮಾಂಡೊ ಕೊಲಾಸೊ. 2004-05ರಿಂದ 2011-12ರ ನಡುವೆ ಡೆಂಪೊ ಐದು ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದಾಗ ಐದಕ್ಕೂ ಅವರೇ ಕೋಚ್. ಅದನ್ನು ನೋಡುತ್ತಾ ಬೆಳೆದ ಊರಿಗೆ ತಂಡವೆಂದರೆ ಕೋಚ್ ಕಟ್ಟಿದ ಮನೆ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಐಟಿಐ, ಎಚ್‌ಎಎಲ್, ಬಿಇಎಂಎಲ್‌ಗಳ ನೆರಳಲ್ಲಿ. ಆಟಗಾರನ ಜೊತೆಗೆ ಅವನ ನೌಕರಿಯ ಆರ್ಡರೂ ಬರಬೇಕಿತ್ತು, ಅದಕ್ಕೆ ಸಹಿ ಹಾಕುವವನು ಅಧಿಕಾರಿ. ಕೈಗೆ ಬಂದವರನ್ನು ಆಡಿಸುವುದಷ್ಟೇ ಕೋಚ್ ಕೆಲಸ. 2013ರಲ್ಲಿ ಜೆಎಸ್‌ಡಬ್ಲ್ಯೂ ಹುಟ್ಟುಹಾಕಿದ ಬೆಂಗಳೂರು ಎಫ್‌ಸಿ ಮೊದಲ ದಿನದಿಂದಲೇ ಕಂಪನಿ ನಡೆಸುವ ಕ್ಲಬ್ಬು. ಹಾಗಾಗಿ ಕಂಠೀರವದ ಅಭಿಮಾನಿಗೆ ಆಫೀಸಿನ ಮೇಲೆ ಕಣ್ಣಿಡುವುದು ಸಹಜವೇ ಆಗಿಹೋಗಿದೆ.

ಕೋಚ್ ಮಾತು ಪೂರ್ತಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಎಫ್‌ಸಿ ಗೋವಾದ ಅಂಗಳವಾದ ಮಡಗಾಂವ್‌ನ ಫತೋರ್ಡಾಕ್ಕಿಂತ ಹತ್ತಿರದ ಉದಾಹರಣೆ ಬೇಡ. 2017ರಲ್ಲಿ ಎಫ್‌ಸಿ ಗೋವಾಕ್ಕೆ ಕೋಚ್ ಆಗಿ ಬಂದ ಸೆರ್ಜಿಯೋ ಲೊಬೇರಾ ಅದಕ್ಕೂ ಮೊದಲು ಮೊರಾಕ್ಕೋದ ಮೊಘ್ರೆಬ್ ತೆತುವಾನ್ ಕ್ಲಬ್ಬಿನ ಕೋಚ್ ಆಗಿದ್ದವರು. ಅಹ್ಮದ್ ಜಾಹೂ, ಮುರ್ತಾದಾ ಫಾಲ್, ಹ್ಯೂಗೋ ಬೂಮು ಮೂವರೂ ಅದೇ ತೆತುವಾನ್‌ನಲ್ಲಿ ಆಡಿ ಬಂದವರು. ಮದುಮಗಳ ಜೊತೆ ಬಳುವಳಿ ಬಂದಹಾಗೆ ಒಬ್ಬೊಬ್ಬರಾಗಿ ಗೋವಾಕ್ಕೆ ಬಂದರು. ಆಟ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. 2019-20ರ ಲೀಗ್ ಮುಗಿಯಲು ಇನ್ನೂ ಮೂರು ಪಂದ್ಯ ಇದ್ದಾಗ ಕ್ಲಬ್ಬು ಲೊಬೇರಾ ಅವರನ್ನು ಮನೆಗೆ ಕಳಿಸಿತು. ಕ್ಲಿಫರ್ಡ್ ಮಿರಾಂಡಾ ಉಸ್ತುವಾರಿಯಲ್ಲಿ ತಂಡ ಅಗ್ರಸ್ಥಾನವನ್ನೂ ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದ ಜಾಗವನ್ನೂ ಹಿಡಿದುಕೊಂಡಿತು. ಆದರೆ ಆ ವರ್ಷವೇ ಲೊಬೇರಾ ಮುಂಬೈ ಸಿಟಿ ಸೇರಿದಾಗ ಬಳುವಳಿಯ ಮೂವರೂ ಹಿಂದೆಯೇ ಹೋದರು. ಜೊತೆಗೆ ನಮ್ಮ ಗೋವಾದವನೇ ಆದ ಮಂದಾರ್ ರಾವ್ ದೇಸಾಯಿಯೂ. ಮುಂಬೈಯ ಬಹುಪಾಲು ಶೇರು ಅಷ್ಟರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಗುಂಪಿನ ಕೈಗೆ ಬಂದಿತ್ತು, ಹಣಕ್ಕೆ ಬರವಿರಲಿಲ್ಲ.

ಮುಂದಿನದು ಇನ್ನೂ ಚುಚ್ಚುವಂಥದ್ದು. ಕೊರೋನಾ ಕಾಲದ 2020-21ರ ಇಡೀ ಐಎಸ್‌ಎಲ್ ನಡೆದದ್ದು ಗೋವಾದಲ್ಲೇ. ಸೆಮಿಫೈನಲ್‌ನಲ್ಲಿ ಗೋವಾವನ್ನು ಪೆನಾಲ್ಟಿಯಲ್ಲಿ ಹೊರಗಟ್ಟಿದ್ದು ಮುಂಬೈ. 2021ರ ಮಾರ್ಚ್ 13ರಂದು ಲೊಬೇರಾ ಕಪ್ ಎತ್ತಿದ್ದು ಫತೋರ್ಡಾದಲ್ಲಿ, ಖಾಲಿ ಗ್ಯಾಲರಿಯ ಮುಂದೆ. ಗೋವಾದಲ್ಲಿ ಲೊಬೇರಾ ನಂತರ ಬಂದ ಕೋಚ್ ಹುವಾನ್ ಫೆರಾಂಡೋ ಅವರನ್ನು ಕೋಲ್ಕತ್ತದ ಎಟಿಕೆ ಮೋಹನ್ ಬಗಾನ್ 2021ರ ಡಿಸೆಂಬರ್‌ನಲ್ಲಿ, ಸೀಸನ್ನಿನ ನಟ್ಟನಡುವೆ, ಬಿಡುಗಡೆ ಹಣ ಕಟ್ಟಿ ಕರೆದೊಯ್ದಿತು. ಗೋವಾ ಆ ಸಲ ಒಂಬತ್ತನೆಯ ಸ್ಥಾನಕ್ಕೆ ಜಾರಿತು. 2023ರ ಮಾರ್ಚ್‌ನಲ್ಲಿ ಫೆರಾಂಡೋ ಕಪ್ ಎತ್ತಿದ್ದೂ ಫತೋರ್ಡಾದಲ್ಲೇ, ಸೋತದ್ದು ನಮ್ಮ ಬೆಂಗಳೂರು. ಮಡಗಾಂವ್‌ನ ಅಭಿಮಾನಿ ಆ ರಾತ್ರಿ ಯಾರ ಪರ ಇರಬೇಕಿತ್ತೋ ದೇವರೇ ಬಲ್ಲ.

ಜಾಹೂ, ಫಾಲ್ 2023ರಲ್ಲಿ ಲೊಬೇರಾ ಹಿಂದೆ ಒಡಿಶಾಕ್ಕೂ ಹೋದರು, ಮರುವರ್ಷ ಬೂಮು ಕೂಡ. ಇದರಲ್ಲಿ ಯಾರದೂ ಮೋಸವಿಲ್ಲ. ಕೋಚ್‌ನ ಆಟ ಗೊತ್ತಿರುವ ಆಟಗಾರನಿಗೆ ಆರು ವಾರದ ಪಾಠ ಬೇಕಾಗುವುದಿಲ್ಲ, ಜೂನ್‌ನಲ್ಲಿ ಬಂದು ಸೆಪ್ಟೆಂಬರ್‌ನಲ್ಲಿ ಪಂದ್ಯಕ್ಕಿಳಿಯಬೇಕಾದ ಕೋಚ್‌ಗೆ ಅದು ದೊಡ್ಡ ಲಾಭ. ತೊಂದರೆ ಇರುವುದು ಕ್ಲಬ್ಬಿನ ಕಡೆ: ಬಳುವಳಿಯಾಗಿ ಬಂದದ್ದು ಹೋಗುವಾಗಲೂ ಹಾಗೆಯೇ ಹೋಗುತ್ತದೆ, ಬೆನ್ನೆಲುಬಿನ ಮೂರು ಮಣಿ ಒಂದೇ ಬೇಸಿಗೆಯಲ್ಲಿ ಕಳಚುತ್ತವೆ. ಈಗ 2023ರಲ್ಲಿ ಗೋವಾದ ಕೋಚ್ ಆಗಿ ಬಂದ ಮನೋಲೋ ಮಾರ್ಕೇಸ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುವವರಿದ್ದಾರೆ. 2023ರಲ್ಲಿ ಬಂದ ಓದೇಯ್ ಒನೈಂದಿಯಾ, 2025ರಲ್ಲಿ ಬಂದ ಹಾವಿಯರ್ ಸಿವೇರಿಯೋ ಇಬ್ಬರೂ ಹೈದರಾಬಾದ್‌ನಲ್ಲಿ ಅವರ ಕೈಕೆಳಗೆ ಆಡಿದವರೇ, 2025ರ ಮೇನಲ್ಲಿ ಸೂಪರ್ ಕಪ್ಪೂ ಬಂತಲ್ಲ ಎಂದು. ಬಂತು, ಸರಿ. ಮಾರ್ಕೇಸ್ ಎರಡು ವರ್ಷ ಕದಲದೆ ಕೂತದ್ದರಿಂದ ಬಂತು.

ಐಎಸ್‌ಎಲ್‌ನಲ್ಲಿ ಕೋಚ್ ಮಾತಿಗೆ ಯುರೋಪಿಗಿಂತ ತೂಕ ಹೆಚ್ಚಾಗಲು ಇನ್ನೊಂದು ಕಾರಣ ವಿದೇಶಿಯರ ಲೆಕ್ಕ. 2021-22ರಲ್ಲಿ ಬಂದ ನಿಯಮದ ಪ್ರಕಾರ ತಂಡದಲ್ಲಿ ಆರು ವಿದೇಶಿಯರು, ಮೈದಾನದಲ್ಲಿ ಒಂದು ಹೊತ್ತಿಗೆ ನಾಲ್ಕೇ ಜನ. ಈ ನಾಲ್ಕು ಎಲ್ಲಿ ನಿಲ್ಲಬೇಕು ಎಂಬುದೇ ಇಡೀ ಬೇಸಿಗೆಯ ಯೋಜನೆ. ಕೋಚ್ ಹಿಂದೆ ಇಬ್ಬರು ವಿದೇಶಿ ಸ್ಟಾಪರ್ (ರಕ್ಷಣೆಯ ನಡುವೆ ನಿಲ್ಲುವವರು) ಕೇಳಿದನೆಂದರೆ ನಡುವೆ ಒಬ್ಬ, ಮುಂದೆ ಒಬ್ಬ, ಅಲ್ಲಿಗೆ ಮುಗಿಯಿತು. ಭಾರತದ ಒಬ್ಬ ಸ್ಟಾಪರ್ ಬೆಂಚಿಗೆ, ಎರಡೂ ರೆಕ್ಕೆ ಭಾರತದವರಿಗೆ. ಮರುವರ್ಷ ಬಂದ ಕೋಚ್ ಒಬ್ಬನೇ ಸ್ಟಾಪರ್ ಸಾಕು, ನಡುವೆ ಇಬ್ಬರು ಬೇಕು ಅನ್ನುತ್ತಾನೆ. ಆಗ ವರ್ಷವಿಡೀ ಬೆಂಚಿನಲ್ಲಿ ಕೂತು ಕಾಲು ಹಿಡಿದುಹೋದ ಹುಡುಗ ನೇರ ಹನ್ನೊಂದರ ತಂಡಕ್ಕೆ, ಮೊದಲ ಐದು ಪಂದ್ಯದಲ್ಲಿ ಕಾರ್ನರ್ ಬಂದಾಗಲೆಲ್ಲ ಪರದಾಟ. ವಿದೇಶಿಯರದು ಹೆಚ್ಚಾಗಿ ಒಂದು ವರ್ಷದ ಕರಾರು, ಬದಲಾಯಿಸುವುದು ಸುಲಭ. ಮೂರು ವರ್ಷಕ್ಕೆ ಸಹಿ ಹಾಕಿಸಿಕೊಂಡ ಭಾರತದ ಹುಡುಗನ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕುವವರಿಲ್ಲ.

ಬೆಂಗಳೂರು ಈ ವಿಷಯದಲ್ಲಿ ಒಂದು ಕಾಲಕ್ಕೆ ಚೆನ್ನಾಗಿ ನಡೆದುಕೊಂಡಿತ್ತು. 2018ರಲ್ಲಿ ಕೋಚ್ ಆಲ್ಬರ್ಟ್ ರೋಕಾ ಹೋದಾಗ ಹೊರಗಿನಿಂದ ಹೊಸ ಮುಖ ತರಲಿಲ್ಲ, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕುವಾದ್ರಾತ್ ಅವರಿಗೇ ಕುರ್ಚಿ ಕೊಟ್ಟರು. ತಂಡದ ಆಟ ಹಳಿ ತಪ್ಪಲಿಲ್ಲ, ಆ ಸಲವೇ ಕಪ್ ಬಂತು, ಅದೂ ಫೈನಲ್‌ನಲ್ಲಿ ಗೋವಾವನ್ನು ಸೋಲಿಸಿ. ಆಮೇಲೆ ಆಫೀಸೂ ಎಡವಿತು. 2023ರ ಫೈನಲ್ ಸೋತ ಬೆನ್ನಿಗೆ ಸಂದೇಶ್ ಝಿಂಗನ್, ಉದಾಂತ ಸಿಂಗ್ ಇಬ್ಬರೂ ಗೋವಾಕ್ಕೆ, ರಾಯ್ ಕೃಷ್ಣ ಒಡಿಶಾಕ್ಕೆ. ಹೋದವರ ಜಾಗ ತುಂಬಲಿಲ್ಲ. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಕೆಲಸ ಹೋಯಿತು, ತಂಡ ಹತ್ತನೆಯದಾಗಿ ಮುಗಿಸಿತು.

ಆದರೆ ಅದೇ ಡಿಸೆಂಬರ್‌ನಲ್ಲಿ ಹೊಸ ಕೋಚ್ ಜೆರಾರ್ಡ್ ಸರಗೋಸಾ ಬಂದದ್ದನ್ನು ಬೆಂಗಳೂರಿನವರು ಸಾಕಷ್ಟು ಗಮನಿಸಿಲ್ಲ. ಫಿಫಾ ನಿಯಮದಂತೆ ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮಾತಾಡಿ ಮುಂದಿನ ಕರಾರಿಗೆ ಸಹಿ ಹಾಕಬಹುದು. ಭಾರತದಲ್ಲಿ ಕರಾರುಗಳು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತವೆ. ಹಿಂದಕ್ಕೆ ಎಣಿಸಿ: ಬಾಗಿಲು ತೆರೆಯುವುದು ಡಿಸೆಂಬರ್‌ನಲ್ಲಿ. ಅಂದರೆ ವರ್ಗಾವಣೆ ಹಣ ಕೊಡದೆ ಸಿಗುವ ಒಳ್ಳೆಯ ಆಟಗಾರರ ಮಾತುಕತೆ ಮಾರ್ಚ್ ಹೊತ್ತಿಗೆ ಮುಗಿದಿರುತ್ತದೆ. ಜೂನ್‌ನಲ್ಲಿ ಬಂದ ಕೋಚ್ ಎಷ್ಟೇ ಪ್ರಭಾವಿಯಾಗಿರಲಿ, ಅವನಿಗೆ ಉಳಿಯುವುದು ಜರಡಿಯಲ್ಲಿ ನಿಂತದ್ದು. ಅರ್ಧ ಸೀಸನ್ ತಂಡವನ್ನು ಕಣ್ಣಾರೆ ನೋಡಿದ ಸರಗೋಸಾಗೆ 2024ರ ಬೇಸಿಗೆಯಲ್ಲಿ ರಾಹುಲ್ ಭೇಕೆ, ಆಲ್ಬರ್ಟೊ ನೊಗೇರಾ, ಹೋರ್ಹೆ ಪೆರೇರಾ ದಿಯಾಸ್ ಮೂವರೂ ಮುಂಬೈ ಸಿಟಿಯಿಂದ ಸಿಕ್ಕರು. ಹತ್ತನೆಯ ಸ್ಥಾನದ ತಂಡ ಮುಂದಿನ ಏಪ್ರಿಲ್‌ನಲ್ಲಿ ಫೈನಲ್ ಆಡಿತು. ಶ್ರೇಯ ಕೋಚ್‌ಗೋ ಆಫೀಸಿಗೋ ಎಂದು ಜಗಳವಾಡುವವರು ಆ ಡಿಸೆಂಬರ್ ತಾರೀಖನ್ನೊಮ್ಮೆ ನೋಡಬೇಕು.

ಇಂಗ್ಲೆಂಡಿನ ಕ್ಲಬ್ಬುಗಳನ್ನು ಹಿಂಬಾಲಿಸುವವರು ಎರಡೂ ಊರಲ್ಲಿದ್ದಾರೆ, ಅಲ್ಲಿಯ ಪಾಠ ಇನ್ನೂ ದುಬಾರಿ. ಅಲ್ಲಿ ಹುದ್ದೆಯ ಹೆಸರಲ್ಲೇ ಅಧಿಕಾರ ಅಡಗಿದೆ: ಸಾಮಾನ್ಯವಾಗಿ ಮ್ಯಾನೇಜರ್ ಎಂದರೆ ಆಟಗಾರರನ್ನು ಕೊಳ್ಳುವುದರಲ್ಲೂ ದನಿ, ಹೆಡ್ ಕೋಚ್ ಎಂದರೆ ಹೆಚ್ಚಾಗಿ ತಂಡದ ತರಬೇತಿ. ಆರ್ಸೆನಲ್ 2020ರ ಸೆಪ್ಟೆಂಬರ್‌ನಲ್ಲಿ ಅರ್ಟೇಟಾ ಅವರ ಹುದ್ದೆಯ ಹೆಸರನ್ನು ಎರಡನೆಯದರಿಂದ ಮೊದಲನೆಯದಕ್ಕೆ ಬದಲಾಯಿಸಿದ್ದು ಬರೀ ಬೋರ್ಡು ಬದಲಿಸಿದಂತಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಕಾಲದಲ್ಲಿ ಆಂಟನಿ, ಲಿಸಾಂಡ್ರೊ ಮಾರ್ಟಿನೆಸ್, ಒನಾನಾ, ಡಿ ಲಿಖ್ಟ್, ಮಝ್ರಾವಿ ಎಂದು ಅವರ ಹಿಂದಿನ ಕ್ಲಬ್ಬು ಅಯಾಕ್ಸ್ ದಿನಗಳ ಐವರನ್ನು ಕೊಂಡಿತು. ಆಂಟನಿಯೊಬ್ಬನ ಲೆಕ್ಕ ಬಿಡಿಸೋಣ. 2022ರಲ್ಲಿ ಬೆಲೆ 95 ಮಿಲಿಯನ್ ಯೂರೋ, ಕರಾರು ಐದು ವರ್ಷ. ಲೆಕ್ಕದ ಪುಸ್ತಕದಲ್ಲಿ ಅದನ್ನು ವರ್ಷಕ್ಕೆ 19ರಂತೆ ಹಂಚುತ್ತಾರೆ, ಟ್ರ್ಯಾಕ್ಟರಿನ ಸವಕಳಿ ಕಳೆದಂತೆ. ಮೂರು ವರ್ಷಕ್ಕೆ 57 ತೀರಿ 38 ಬಾಕಿ. 2025ರಲ್ಲಿ ರಿಯಲ್ ಬೆಟಿಸ್‌ಗೆ ಸುಮಾರು 22ಕ್ಕೆ ಮಾರಿದರೆ ಸರಳ ಲೆಕ್ಕದಲ್ಲಿ 16 ಮಿಲಿಯನ್ ಒಂದೇ ಏಟಿಗೆ ನಷ್ಟದ ಕಾಲಂಗೆ. ಮೂರು ವರ್ಷಕ್ಕೆ ಇಷ್ಟೇ ನಷ್ಟ ಎಂಬ ಮಿತಿ ಆಗ ಇದ್ದ ಲೀಗಿನಲ್ಲಿ ಆ 16 ಮುಂದಿನ ಕೋಚ್ ಕೇಳುವ ಆಟಗಾರನ ಹಣವನ್ನು ತಿಂದಹಾಗೆ. ಕೇಳಿ ತರಿಸಿಕೊಂಡ ಟೆನ್ ಹಾಗ್ 2024ರ ಅಕ್ಟೋಬರ್‌ನಲ್ಲೇ ಮನೆಗೆ ಹೋಗಿಯಾಗಿತ್ತು.

ತಿರುಗಾಮುರುಗಾ ಉದಾಹರಣೆಯೂ ಇದೆ. 2022ರಲ್ಲಿ ಟಾಟೆನ್‌ಹ್ಯಾಮ್ ಜೆಡ್ ಸ್ಪೆನ್ಸ್‌ನನ್ನು ಕೊಂಡಾಗ ಕೋಚ್ ಆಂಟೋನಿಯೋ ಕಾಂಟೆ ಇವನು ಕ್ಲಬ್ಬು ಬಯಸಿ ತಂದವನು ಎಂದು ಎಲ್ಲರೆದುರೇ ಹೇಳಿಬಿಟ್ಟರು. ಹುಡುಗ ಬೆಂಚಿನಲ್ಲೇ ಉಳಿದ. ಮುಂದೆ ರೆನ್, ಲೀಡ್ಸ್, ಜೆನೋವಾ ಎಂದು ಮೂರು ಊರಿಗೆ ಎರವಲು. ಕಾಂಟೆ 2023ರ ಮಾರ್ಚ್‌ನಲ್ಲಿ ಹೋದರು. ಸ್ಪೆನ್ಸ್ 2024-25ರಲ್ಲಿ ತಂಡದಲ್ಲಿ ನೆಲೆಯೂರಿ, ಯುರೋಪಾ ಲೀಗ್ ಗೆದ್ದ ತಂಡದಲ್ಲಿದ್ದು, ಆಮೇಲೆ ಇಂಗ್ಲೆಂಡಿಗೂ ಆಡಿದ. ಆಫೀಸಿನ ಕಣ್ಣು ಸರಿಯಿತ್ತು. ಆದರೆ ಕೋಚ್ ಬಯಸಿ ಕೇಳದವನನ್ನು ತಂದು ಒಂದೂವರೆ ವರ್ಷ ಊರೂರು ಅಲೆಸಿದ್ದು ಯಾರ ಜಾಣತನ? ‘ಬೇಡ’ ಅನ್ನುವ ಹಕ್ಕು ಕೋಚ್‌ಗಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಕಾಗದಪತ್ರ. ಅಭಿಮಾನಿಗಳ ಚರ್ಚೆ ಇಲ್ಲಿಗೆ ಬರುವುದೇ ಇಲ್ಲ, ಎಡವಟ್ಟಾಗುವುದು ಮಾತ್ರ ಇಲ್ಲೇ. ಒಂದು ದೇಶದಿಂದ ಇನ್ನೊಂದಕ್ಕೆ ವರ್ಗಾವಣೆಯಾದರೆ ಎರಡೂ ಕ್ಲಬ್ಬು ವರ್ಗಾವಣೆ ದಾಖಲಿಸುವ ಫಿಫಾದ ಟಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಣ, ಕಂತು, ತಾರೀಖು ಎಲ್ಲವನ್ನೂ ಪ್ರತ್ಯೇಕವಾಗಿ ತುಂಬಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಮುಂದಕ್ಕೆ ಸರಿಯದು. 2017ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಕ್ಲಬ್ಬು 14 ಸೆಕೆಂಡ್ ತಡಮಾಡಿದ್ದಕ್ಕೆ ಆಡ್ರಿಯೆನ್ ಸಿಲ್ವಾ ಜನವರಿಯವರೆಗೆ ಬೂಟು ಕಟ್ಟಲಾಗಲಿಲ್ಲ. ಇನ್ನೊಂದು: ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ, ಕೆಲಸದ ಪರವಾನಗಿ ಸಿಕ್ಕರೆ ಮಾತ್ರ ಕರಾರು ಊರ್ಜಿತ ಎಂದು ಬರೆಯಲು ಫಿಫಾ ಬಿಡುವುದಿಲ್ಲ. ಮಂಡಿಯ ಸ್ಕ್ಯಾನ್ ಸಹಿಗೆ ಮೊದಲೇ ಆಗಬೇಕು. ‘ಆ ಹುಡುಗ ನನಗೆ ಗೊತ್ತು, ಬೇಗ ಸಹಿ ಹಾಕಿಸಿ’ ಎಂದು ಕೋಚ್ ಅವಸರ ಮಾಡುವಾಗ ಹಾರಿಹೋಗುವ ಮೆಟ್ಟಿಲು ಇದೇ. ಕೋಚ್‌ಗೆ ಗೊತ್ತಿರುವುದು ಮೂರು ವರ್ಷದ ಹಿಂದಿನ ಮಂಡಿ.

ಗೋವಾದವರು ಮೇ ತಿಂಗಳ ಪ್ರಶ್ನೆಯನ್ನು ಡಿಸೆಂಬರ್‌ನಲ್ಲಿ ಕೇಳಲಿ: ಈ ಕೋಚ್ ಮುಂದಿನ ವರ್ಷ ಇರುತ್ತಾನೋ ಇಲ್ಲವೋ, ಈಗಲೇ ಹೇಳಿ. ಬೆಂಗಳೂರಿನವರು ಆಟಗಾರನ ಸಹಿಯ ಫೋಟೋ ಬಂದಾಗ ಅದರಲ್ಲಿರುವ, ಕರಾರು ಮುಗಿಯುವ ಇಸವಿ ನೋಡಿ, ಕೋಚ್ ಸಹಿ ಹಾಕಿದ ದಿನದ ಫೋಟೋದಲ್ಲಿದ್ದ ಇಸವಿಯ ಪಕ್ಕಕ್ಕಿಡಲಿ. ಆಟಗಾರನದು 2028, ಕೋಚ್‌ನದು 2026 ಎಂದಿದ್ದರೆ ಆ ಹುಡುಗನನ್ನು ಆರಿಸಿದ್ದು ಯಾರು, ಕೋಚ್ ಹೋದ ಮೇಲೆ ಅವನನ್ನು ಯಾವ ಜಾಗದಲ್ಲಿ ಆಡಿಸುತ್ತೀರಿ ಎಂದು ಅವತ್ತೇ ಕೇಳಬಹುದು.